ಜಿಮ್ಮಿನ ಯಂತ್ರ ತೋರಿಸುವ ಕ್ಯಾಲೊರಿ: ಚೀಲದ ತೂಕ ಕಳೆಯದ ಲೆಕ್ಕ

ಶಿವಮೊಗ್ಗದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ಜಿಮ್ಮಿಗೆ ಸೇರಿ ನನಗೆ ಎಂಟು ತಿಂಗಳಾಯಿತು. ರಕ್ತದ ಸಕ್ಕರೆ ಗಡಿಯ ಮೇಲೆ ಬಂದು ನಿಂತಿದೆ, ಮಾತ್ರೆ ಶುರು ಮಾಡುವ ಮೊದಲು ಆರು ತಿಂಗಳು ಮೈ ಬಗ್ಗಿಸಿ ನೋಡಿ ಎಂದು ವೈದ್ಯರು ಹೇಳಿದ್ದರಿಂದ ಸೇರಿದವಳು ನಾನು. ಸೊಂಟ ಸಣ್ಣ ಮಾಡಿಕೊಳ್ಳುವ ಆಸೆ ಇರಲಿಲ್ಲ ಎಂದರೆ ಮಾತ್ರ ಸುಳ್ಳಾದೀತು. ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ಇಪ್ಪತ್ತಾರು ವರ್ಷ ಕಳೆದಿರುವುದರಿಂದ, ಸಂಖ್ಯೆ ಎಲ್ಲಿ ಕಂಡರೂ ಬರೆದಿಟ್ಟುಕೊಳ್ಳುವ ಚಾಳಿ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಒಂದು ಸಣ್ಣ ನೋಟುಪುಸ್ತಕದಲ್ಲಿ, ಯಂತ್ರಗಳ ಪರದೆ ಕೊನೆಗೆ ತೋರಿಸಿದ ಕ್ಯಾಲೊರಿಯನ್ನು ದಿನವಾರು ಬರೆಯುತ್ತ ಬಂದೆ.

ವಾರಕ್ಕೆ ನಾಲ್ಕು ದಿನದಂತೆ ಹದಿಮೂರು ವಾರ, ಒಟ್ಟು 52 ದಿನ. ಪ್ರತಿದಿನ ಟ್ರೆಡ್‌ಮಿಲ್ ಮೇಲೆ ಗಂಟೆಗೆ 6 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡಿಗೆ, ಅದಾದ ಮೇಲೆ ಕ್ರಾಸ್ ಟ್ರೇನರ್, ಎಂದರೆ ಪೆಡಲಿನ ಮೇಲೆ ನಿಂತು ಕೈಕಾಲು ಎರಡನ್ನೂ ಆಡಿಸುವ ಯಂತ್ರದ ಮೇಲೆ 20 ನಿಮಿಷ. ಟ್ರೆಡ್‌ಮಿಲ್ 158 ಕ್ಯಾಲೊರಿ ತೋರಿಸಿದರೆ ಕ್ರಾಸ್ ಟ್ರೇನರ್ 205ರ ಆಸುಪಾಸು ತೋರಿಸುತ್ತಿತ್ತು. ಕೂಡಿದರೆ ದಿನಕ್ಕೆ 363, ಹದಿಮೂರು ವಾರಕ್ಕೆ 18,876. ಒಂದು ಪೌಂಡ್ ಕೊಬ್ಬು ಕರಗಲು 3,500 ಕ್ಯಾಲೊರಿ ಬೇಕೆಂದು 1958ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ವಿಷ್ನಾಫ್ಸ್ಕಿ ಕಟ್ಟಿದ ಲೆಕ್ಕ ಈಗಲೂ ಎಲ್ಲ ಜಿಮ್ಮುಗಳಲ್ಲಿ ಚಾಲ್ತಿಯಲ್ಲಿದೆ. ಕಿಲೋಗೆ ಅದು ಸುಮಾರು 7,700 ಆಗುತ್ತದೆ. ಆ ಪ್ರಕಾರ ನನ್ನ ತೂಕದಲ್ಲಿ ಎರಡೂವರೆ ಕಿಲೋ ಇಳಿಯಬೇಕಿತ್ತು. ಇಳಿದದ್ದು ಆರುನೂರು ಗ್ರಾಂ. ನಮ್ಮ ಕಚೇರಿಯಲ್ಲಿ ಜಮಾ–ಖರ್ಚು ಇಷ್ಟು ದೂರ ತಾಳೆಯಾಗದೆ ಹೋದರೆ ಯಾರೂ ಊಟಕ್ಕೂ ಏಳುವುದಿಲ್ಲ. ಟ್ರೇನರ್ ಹುಡುಗನನ್ನು ಕೇಳಿದರೆ, "ಮೇಡಂ, ಮಷಿನ್ ಸುಳ್ಳು ಹೇಳಲ್ಲ, ನೀವು ಮನೇಲಿ ಜಾಸ್ತಿ ತಿಂತಿದೀರ" ಎಂದು ನಕ್ಕ. ಅವನ ಮಾತಿನ ಎರಡನೆಯ ಅರ್ಧದಲ್ಲಿ ಹುರುಳಿಲ್ಲದೆ ಇರಲಿಲ್ಲ. ಮೊದಲನೆಯ ಅರ್ಧವನ್ನು ಮಾತ್ರ ಪರೀಕ್ಷೆ ಮಾಡದೆ ಒಪ್ಪುವುದಕ್ಕೆ ಮನಸ್ಸಾಗಲಿಲ್ಲ. ಮುಂದಿನ ತಿಂಗಳುಗಳಲ್ಲಿ ಆ ಜಿಮ್ಮಿನ ಒಂದೊಂದು ಯಂತ್ರದ ಕ್ಯಾಲೊರಿ ಮೀಟರನ್ನೂ ನಾನು ಆಡಿಟ್ ಮಾಡುತ್ತ ಹೋದೆ. ಈ ವಿಮರ್ಶೆ ಅದರ ವರದಿ.

ಮೊದಲು ತಿಳಿಯಬೇಕಾದದ್ದು, ಈ ಮೀಟರುಗಳು ಏನನ್ನೂ ಅಳೆಯುವುದಿಲ್ಲ ಎಂಬ ಸಂಗತಿ. ಮನುಷ್ಯನ ದೇಹ ಎಷ್ಟು ಶಕ್ತಿಯನ್ನು ಖರ್ಚು ಮಾಡುತ್ತದೆ ಎಂಬುದನ್ನು ನಿಜವಾಗಿ ತೂಗಿ ನೋಡುವ ತಕ್ಕಡಿ ಪ್ರಪಂಚದಲ್ಲಿ ಇಲ್ಲದೆ ಇಲ್ಲ. 1890ರ ದಶಕದಲ್ಲಿ ಅಮೆರಿಕದ ಕನೆಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞ ಮತ್ತು ಅವನ ಸಹೋದ್ಯೋಗಿ ಎಡ್ವರ್ಡ್ ರೋಸಾ ಒಂದು ಮುಚ್ಚಿದ ಕೋಣೆಯನ್ನು ಕಟ್ಟಿ, ಅದರೊಳಗೆ ಆಳನ್ನು ದಿನಗಟ್ಟಲೆ ಕೂಡಿಹಾಕಿ, ಊಟ, ನಿದ್ದೆ, ಕೆಲಸ ಎಲ್ಲ ಅಲ್ಲಿಯೇ ಮಾಡಿಸಿ, ಅವನ ಮೈಯಿಂದ ಹೊರಬಿದ್ದ ಶಾಖವನ್ನೂ ಉಸಿರನ್ನೂ ಅಳೆದಿದ್ದರು. ಇವತ್ತಿನ ಪ್ರಯೋಗಾಲಯಗಳಲ್ಲಿ ಕೋಣೆಯ ಬದಲಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ ಬಂದಿದೆ: ಒಳಗೆ ಹೋದ ಆಮ್ಲಜನಕ ಎಷ್ಟು, ಹೊರಗೆ ಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ನೋಡುತ್ತಾರೆ, ಒಂದು ಲೀಟರ್ ಆಮ್ಲಜನಕ ಖರ್ಚಾದರೆ ಹೆಚ್ಚುಕಡಿಮೆ 5 ಕಿಲೋಕ್ಯಾಲೊರಿ ಖರ್ಚಾಗಿದೆ ಎಂದು ಲೆಕ್ಕ ಹಾಕುತ್ತಾರೆ. ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುವುದೂ, ಯಂತ್ರದ ಪರದೆಯಲ್ಲಿ ಕಾಣುವುದೂ ಈ ಕಿಲೋಕ್ಯಾಲೊರಿಯೇ.

ಜಿಮ್ಮಿನ ಯಂತ್ರಕ್ಕೆ ನಿಮ್ಮ ಉಸಿರಿನ ಪರಿಚಯವೇ ಇಲ್ಲ. ಅದು ಮಾಡುವ ಕೆಲಸ ನಮ್ಮ ಕಡೆ ಮರದ ಮೇಲಿರುವ ಅಡಿಕೆ ಫಸಲನ್ನೇ ಗುತ್ತಿಗೆ ಹಿಡಿಯುವ ಖೇಣಿದಾರನದು. ಕೊಯ್ಲಿಗೆ ಮುಂಚೆ ಖೇಣಿದಾರ ತೋಟಕ್ಕೆ ಬಂದು ಒಂದು ಸುತ್ತು ಹಾಕುತ್ತಾನೆ, ಹತ್ತಾರು ಮರಗಳ ಕೊನೆ ನೋಡುತ್ತಾನೆ, ಈ ಸಲ ಇಷ್ಟು ಕ್ವಿಂಟಾಲ್ ಆದೀತು ಎಂದು ಅಂದಾಜು ಕಟ್ಟುತ್ತಾನೆ. ಅನುಭವಸ್ಥ ಖೇಣಿದಾರನ ಅಂದಾಜು ಆಶ್ಚರ್ಯವಾಗುವಷ್ಟು ಹತ್ತಿರ ಬರುವುದುಂಟು, ಏಕೆಂದರೆ ಆ ತೋಟದ ಮಣ್ಣು, ನೀರು, ಹೋದ ವರ್ಷದ ಫಸಲು ಅವನಿಗೆ ಗೊತ್ತಿರುತ್ತದೆ. ಜಿಮ್ಮಿನ ಯಂತ್ರವಾದರೋ ತೋಟದ ಹೊರಗಿನ ರಸ್ತೆಯಲ್ಲಿ ಬಸ್ಸಿನೊಳಗೆ ಕೂತು ಅಂದಾಜು ಹೇಳುವ ಖೇಣಿದಾರ. ವೇಗ ಎಷ್ಟು, ಏರು ಎಷ್ಟು, ಹೊತ್ತು ಎಷ್ಟು ಎಂಬ ಮೂರು ಸಂಗತಿ ಅದಕ್ಕೆ ಗೊತ್ತು. ನೀವು ಹೇಳಿದರೆ ತೂಕವೂ ಗೊತ್ತಾಗುತ್ತದೆ. ಉಳಿದದ್ದೆಲ್ಲ ಸೂತ್ರದ ಕೆಲಸ.

ಟ್ರೆಡ್‌ಮಿಲ್‌ನ ಮಟ್ಟಿಗೆ ಆ ಸೂತ್ರ ಗುಟ್ಟಿನದೇನಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪ್ರಕಟಿಸಿರುವ ಸಮೀಕರಣದ ಪ್ರಕಾರ, ಸಮತಟ್ಟಿನ ಮೇಲೆ ನಡೆಯುವವರು ತಮ್ಮ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಬಳಸುವ ಆಮ್ಲಜನಕವು, ಮಿಲಿಲೀಟರುಗಳಲ್ಲಿ, ನಿಮಿಷಕ್ಕೆ ನಡೆದ ಮೀಟರುಗಳ ಹತ್ತನೆಯ ಒಂದು ಭಾಗಕ್ಕೆ 3.5 ಸೇರಿಸಿದಷ್ಟು. ಗಂಟೆಗೆ 6 ಕಿ.ಮೀ. ಎಂದರೆ ನಿಮಿಷಕ್ಕೆ 100 ಮೀಟರ್, ಹತ್ತಕ್ಕೆ 3.5 ಕೂಡಿಸಿದರೆ 13.5. ನನ್ನ ತೂಕ 61 ಕಿಲೋ. ಗುಣಿಸಿ, ಲೀಟರಿಗೆ 5 ಕಿಲೋಕ್ಯಾಲೊರಿಯಂತೆ ಅರ್ಧ ಗಂಟೆಗೆ ಹಾಕಿದರೆ 124 ಬರುತ್ತದೆ. ಯಂತ್ರ ತೋರಿಸುತ್ತಿದ್ದದ್ದು 158.

ಈ ವ್ಯತ್ಯಾಸದ ಒಂದು ಪಾಲು ನನ್ನದೇ ತಪ್ಪು. ಕ್ವಿಕ್ ಸ್ಟಾರ್ಟ್ ಎಂಬ ಹಸಿರು ಗುಂಡಿಯನ್ನು ಒತ್ತಿ ನಡೆಯತೊಡಗಿದರೆ ಯಂತ್ರ ತೂಕವನ್ನು ಕೇಳುವುದೇ ಇಲ್ಲ, ತಾನೇ ಒಂದು ತೂಕವನ್ನು ಊಹಿಸಿಕೊಳ್ಳುತ್ತದೆ. ಸೆಟ್ಟಿಂಗ್ ಒಳಗೆ ಹೊಕ್ಕು ನೋಡಿದಾಗ ನಮ್ಮ ಯಂತ್ರ ಇಟ್ಟುಕೊಂಡಿದ್ದ ತೂಕ 70 ಕಿಲೋ ಎಂದು ಗೊತ್ತಾಯಿತು. ಎಂದರೆ ಮೂರು ತಿಂಗಳು ನಾನು ಇಲ್ಲದ ಒಂಬತ್ತು ಕಿಲೋವನ್ನು ಹೊತ್ತು ನಡೆದ ಹೆಂಗಸಿನ ಲೆಕ್ಕವನ್ನು ನನ್ನ ಪುಸ್ತಕದಲ್ಲಿ ಬರೆದಿದ್ದೆ. ಮರುದಿನ 61 ಒತ್ತಿ ಅದೇ ನಡಿಗೆ ನಡೆದಾಗ 138 ಬಂತು. ಇನ್ನೂ ಸೂತ್ರಕ್ಕಿಂತ ಶೇ. 11ರಷ್ಟು ಹೆಚ್ಚು. ಆ ಹೆಚ್ಚಳ ಎಲ್ಲಿಂದ ಬಂತೆಂದು ತಯಾರಕರ ಕೈಪಿಡಿಯಲ್ಲಿ ಎಲ್ಲಿಯೂ ಬರೆದಿಲ್ಲ, ಸರ್ವಿಸಿಗೆ ಬಂದ ತಂತ್ರಜ್ಞ "ಅದು ಕಂಪನಿ ಸೆಟ್ಟಿಂಗ್" ಎಂದು ಹೇಳಿ ಬೆಲ್ಟಿಗೆ ಎಣ್ಣೆ ಬಿಟ್ಟು ಹೋದ.

ಬೆಲ್ಟಿನ ವೇಗವಾದರೂ ಸರಿಯಾಗಿದೆಯೇ ಎಂದು ನೋಡಬೇಕೆನಿಸಿತು. ಇದನ್ನು ಯಾರು ಬೇಕಾದರೂ ಮಾಡಬಹುದು. ಯಂತ್ರ ನಿಂತಿರುವಾಗ ಬೆಲ್ಟಿನ ಅಂಚಿಗೆ ಬಿಳಿ ಟೇಪಿನ ಒಂದು ತುಂಡು ಅಂಟಿಸಿ, ಕೈಯಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತ, ದರ್ಜಿಯ ಟೇಪಿನಿಂದ ಪೂರ್ತಿ ಒಂದು ಸುತ್ತನ್ನು ಅಳೆದೆವು: 3.20 ಮೀಟರ್. ಆಮೇಲೆ ನಾನು 6 ಕಿ.ಮೀ. ವೇಗದಲ್ಲಿ ನಡೆಯುತ್ತಿರುವಾಗ ಟ್ರೇನರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಬಿಳಿ ಗುರುತು ಹಾದುಹೋಗುವುದನ್ನು ಎಣಿಸಿದ. ಇಪ್ಪತ್ತು ಸುತ್ತಿಗೆ 40 ಸೆಕೆಂಡು, ಎಂದರೆ 64 ಮೀಟರ್. ನಿಮಿಷಕ್ಕೆ 96 ಮೀಟರ್. ಪರದೆ ಹೇಳುವುದಕ್ಕಿಂತ ಶೇ. 4ರಷ್ಟು ನಿಧಾನ. ಬೆಲ್ಟು ಸವೆದ, ಮೇಲೆ ಆಳು ನಿಂತ ಯಂತ್ರಕ್ಕೆ ಇದು ದೊಡ್ಡ ತಪ್ಪಲ್ಲ ಎಂದು ನನ್ನ ಅಭಿಪ್ರಾಯ. ಸೂತ್ರದಲ್ಲಿ ಹಾಕಿ ನೋಡಿದರೆ ಕ್ಯಾಲೊರಿಯಲ್ಲಿ ಶೇ. 3ರಷ್ಟು ವ್ಯತ್ಯಾಸವಾಗುತ್ತದೆ ಅಷ್ಟೆ. ಹೋಲಿಕೆಗೆ ಹೇಳುವುದಾದರೆ, ಪೆಟ್ರೋಲ್ ಬಂಕಿನಲ್ಲಿ 5 ಲೀಟರಿನ ಅಳತೆಪಾತ್ರೆ ಇಟ್ಟು ಪರೀಕ್ಷಿಸಿದಾಗ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಾಗುವಂತಿಲ್ಲ, ಎಂದರೆ ಶೇ. ಅರ್ಧ. ನಮ್ಮ ಸಂಘದ ಎಲೆಕ್ಟ್ರಾನಿಕ್ ತಕ್ಕಡಿಗೂ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲು ಬೀಳಲೇಬೇಕು. ಕ್ಯಾಲೊರಿಯನ್ನು ಯಾರೂ ಕೊಡುವುದಿಲ್ಲ, ಕೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ಸೀಲೂ ಇಲ್ಲ.

ಇಷ್ಟೆಲ್ಲ ಚಿಲ್ಲರೆ ತಪ್ಪುಗಳು. ನನ್ನ ಲೆಕ್ಕವನ್ನು ನಿಜವಾಗಿ ಕೆಡಿಸಿದ ಸಂಗತಿ ಬೇರೆಯದು, ಮತ್ತು ಅದು ಯಂತ್ರ ಕೆಟ್ಟಿದ್ದರಿಂದ ಆದದ್ದಲ್ಲ. ಮೇಲಿನ ಸೂತ್ರದ ಕೊನೆಯಲ್ಲಿರುವ 3.5 ಎಂಬುದು ಏನೂ ಮಾಡದೆ ಸುಮ್ಮನೆ ಕೂತಿದ್ದರೂ ದೇಹ ಬಳಸುವ ಆಮ್ಲಜನಕ. ಉಸಿರಾಟ, ಹೃದಯದ ಬಡಿತ, ಮೈಯ ಬಿಸಿ ಎಲ್ಲಕ್ಕೂ ಬೇಕಾದದ್ದು ಅದು. ಆ ಅರ್ಧ ಗಂಟೆ ನಾನು ಮನೆಯಲ್ಲಿ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರೂ 32 ಕ್ಯಾಲೊರಿ ಖರ್ಚಾಗಿಯೇ ಆಗುತ್ತಿತ್ತು. ಅದನ್ನೂ ಸೇರಿಸಿ ವ್ಯಾಯಾಮದ ಖಾತೆಗೆ ಜಮಾ ಮಾಡುವುದೆಂದರೆ ಚೀಲದ ತೂಕ ಕಳೆಯದೆ ಅಡಿಕೆ ತೂಗಿದ ಹಾಗೆ. ನಮ್ಮ ಸಂಘದಲ್ಲಿ ಯಾವನಾದರೂ ಹಾಗೆ ತೂಗಿದರೆ ಮಂಡಿಯವರು ಅಲ್ಲಿಯೇ ಜಗಳಕ್ಕೆ ನಿಲ್ಲುತ್ತಾರೆ. ಜಿಮ್ಮಿನಲ್ಲಿ ಯಾರೂ ಕೇಳುವುದಿಲ್ಲ. ಚೀಲದ ತೂಕ ಕಳೆದು ನೋಡಿದರೆ ನನ್ನ ಅರ್ಧ ಗಂಟೆಯ ನಡಿಗೆಯಿಂದ ಹೆಚ್ಚಾಗಿ ಕರಗಿದ್ದು 92 ಕ್ಯಾಲೊರಿ. ಬೆಲ್ಟಿನ ನಿಜವಾದ ವೇಗವನ್ನು ಹಿಡಿದರೆ 88. ಬೆಣ್ಣೆಯಲ್ಲಿ ಹೇಳುವುದಾದರೆ ಹನ್ನೆರಡು ಗ್ರಾಂ, ದಾವಣಗೆರೆ ಕಡೆಯ ದೋಸೆಯ ಮೇಲೆ ಕೂರುವ ಮುದ್ದೆಯ ಒಂದು ಮೂಲೆ. ನಡಿಗೆ ನಿಧಾನವಾದಷ್ಟೂ ಈ ಚೀಲದ ಪಾಲು ದೊಡ್ಡದಾಗುತ್ತ ಹೋಗುತ್ತದೆ ಎಂಬುದನ್ನು ನನ್ನಂತೆ ಐವತ್ತು ದಾಟಿದವರು ವಿಶೇಷವಾಗಿ ಗಮನಿಸಬೇಕು. ಓಡುವ ಹುಡುಗರಿಗೆ ಅದು ಅಷ್ಟಾಗಿ ತಾಗುವುದಿಲ್ಲ.

ಆ 3.5 ಎಂಬ ಸಂಖ್ಯೆಯೂ ಎಲ್ಲರಿಗೂ ಒಪ್ಪುವಂಥದ್ದಲ್ಲ. ಅದರ ಮೂಲದಲ್ಲಿರುವುದು 70 ಕಿಲೋ ತೂಕದ, ನಲವತ್ತು ವರ್ಷದ ಒಬ್ಬ ಗಂಡಸಿನ ಅಳತೆ ಎನ್ನಲಾಗುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 769 ಜನರನ್ನು ವಿಶ್ರಾಂತಿಯಲ್ಲಿ ಇರಿಸಿ ಅಳೆದಾಗ ಸರಾಸರಿ ಬಂದದ್ದು 2.6ರ ಹತ್ತಿರ, ಎಂದರೆ ಕಾಲು ಭಾಗ ಕಡಿಮೆ. ನಮ್ಮ ಜನರ ವಿಶ್ರಾಂತಿಯ ಖರ್ಚು ಅಂತರರಾಷ್ಟ್ರೀಯ ಸೂತ್ರಗಳು ಹೇಳುವುದಕ್ಕಿಂತ ಕಡಿಮೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೂರು ದಶಕಗಳ ಹಿಂದೆಯೇ ಅಳೆದು ತೋರಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ತನ್ನ ಶಿಫಾರಸುಗಳಲ್ಲಿ ಶೇ. 5ರಷ್ಟು ಇಳಿಸಿ ಲೆಕ್ಕ ಹಿಡಿದದ್ದುಂಟು. ಇದರ ಹಿಂದಿನ ಒಂದು ಕಾರಣ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಪ್ರಸಿದ್ಧ ಹೋಲಿಕೆಯನ್ನು ನೋಡಿದರೆ ಹೊಳೆಯುತ್ತದೆ. 2004ರಲ್ಲಿ ಅವರು ತಮ್ಮದೂ ತಮ್ಮ ಇಂಗ್ಲೆಂಡಿನ ಮಿತ್ರ ಜಾನ್ ಯುಡ್ಕಿನ್ ಅವರದೂ ಫೋಟೊವನ್ನು ಅಕ್ಕಪಕ್ಕ ಇಟ್ಟು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು: ಇಬ್ಬರದೂ ಬಾಡಿ ಮಾಸ್ ಇಂಡೆಕ್ಸ್, ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 22.3, ಆದರೆ ಮೈಯ ಕೊಬ್ಬು ಒಬ್ಬರದು ಶೇ. 9.1, ಇನ್ನೊಬ್ಬರದು ಶೇ. 21.2. ಹೆಚ್ಚು ಕೊಬ್ಬಿನವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಶಕ್ತಿಯನ್ನು ಉರಿಸುವುದು ಮುಖ್ಯವಾಗಿ ಸ್ನಾಯು ಮತ್ತು ಅಂಗಾಂಗಗಳು. ಯಂತ್ರಕ್ಕೆ 61 ಎಂದು ಒತ್ತಿದರೆ ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಅದು ಕೇಳುವುದಿಲ್ಲ.

ಟ್ರೆಡ್‌ಮಿಲ್ ಬಗ್ಗೆ ಇನ್ನೊಂದು ಮಾತು. ಏರನ್ನು ಶೇ. 5ಕ್ಕೆ ಇಟ್ಟರೆ ಅದೇ ಸೂತ್ರದ ಪ್ರಕಾರ ನನ್ನ 124 ಕ್ಯಾಲೊರಿ 206ಕ್ಕೆ ಏರುತ್ತದೆ, ಮತ್ತು ಅದು ಬಹುಮಟ್ಟಿಗೆ ನಿಜ, ಗುಡ್ಡ ಹತ್ತಿದವರಿಗೆಲ್ಲ ಗೊತ್ತಿರುವ ನಿಜ. ಆದರೆ ನಮ್ಮ ಜಿಮ್ಮಿನಲ್ಲಿ ಏರು ಇಟ್ಟುಕೊಂಡ ಹತ್ತು ಜನರಲ್ಲಿ ಏಳು ಜನ ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯನ್ನು ಹಿಂದಕ್ಕೆ ಜೋಲಿಸಿ, ಕೆರೆಯಿಂದ ಕೊಡ ಎಳೆಯುವವರ ಹಾಗೆ ನಡೆಯುತ್ತಾರೆ. ಹಾಗೆ ಜೋತುಬಿದ್ದರೆ ಮೈಯೂ ಬೆಲ್ಟೂ ಒಂದೇ ಕೋನದಲ್ಲಿ ವಾಲಿ, ಏರು ಇದ್ದೂ ಇಲ್ಲದಂತಾಗುತ್ತದೆ, ತೂಕದ ಒಂದು ಪಾಲನ್ನು ತೋಳು ಹೊರುತ್ತದೆ. ಯಂತ್ರ ಮಾತ್ರ ನಿಷ್ಠೆಯಿಂದ ಗುಡ್ಡದ ಲೆಕ್ಕವನ್ನೇ ಬರೆಯುತ್ತಿರುತ್ತದೆ.

ಸೈಕಲ್ಲುಗಳ ವಿಷಯಕ್ಕೆ ಬಂದರೆ, ನಮ್ಮಲ್ಲಿ ಎರಡು ಬಗೆಯವು ಇವೆ, ಮತ್ತು ಅವುಗಳ ನಡುವಿನ ಅಂತರ ಆಟದ ಸಾಮಾನಿಗೂ ಅಳತೆಯ ಉಪಕರಣಕ್ಕೂ ಇರುವಷ್ಟಿದೆ. ಮೂಲೆಯಲ್ಲಿರುವ ಹಳೆಯದು ಮನೆಬಳಕೆಯ ಸೈಕಲ್. ಯಾರೋ ಸದಸ್ಯರು ಬಿಟ್ಟುಕೊಟ್ಟದ್ದಂತೆ. ಅದಕ್ಕೆ ಎರಡು ಪೆನ್ಸಿಲ್ ಸೆಲ್ ಹಾಕುವ ಪುಟ್ಟ ಮೀಟರ್, ಪೆಡಲನ್ನು ಬಿಗಿ ಮಾಡಲು ಒಂದು ತಿರುಪು. ತಿರುಪನ್ನು ತೊಡೆ ಉರಿಯುವಷ್ಟು ಬಿಗಿಮಾಡಿ, ನಿಮಿಷಕ್ಕೆ 60 ಸುತ್ತಿನಂತೆ ಹತ್ತು ನಿಮಿಷ ತುಳಿದೆ: 62 ಕ್ಯಾಲೊರಿ. ಸುಧಾರಿಸಿಕೊಂಡು, ತಿರುಪನ್ನು ಪೂರ್ತಿ ಸಡಿಲಿಸಿ, ಕಾಲು ತನ್ನಷ್ಟಕ್ಕೆ ತಿರುಗುವ ಹಾಗೆ ಮಾಡಿಕೊಂಡು ಅದೇ ವೇಗದಲ್ಲಿ ಇನ್ನೂ ಹತ್ತು ನಿಮಿಷ ತುಳಿದೆ: 62. ಪೆಡಲಿನ ಚಕ್ರಕ್ಕೆ ಅಂಟಿಸಿದ ಚೂರು ಅಯಸ್ಕಾಂತ ಸೆನ್ಸರಿನ ಮುಂದೆ ಹಾದಾಗಲೆಲ್ಲ ಒಂದು ಸುತ್ತು ಎಂದು ಅದು ಎಣಿಸುತ್ತದೆ, ಸುತ್ತಿಗೆ ಇಷ್ಟು ಎಂದು ಗುಣಿಸುತ್ತದೆ. ತಿರುಪು ಬಿಗಿಯಿದೆಯೋ ಸಡಿಲವಿದೆಯೋ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಬಗ್ಗಿ ನೋಡಿದಾಗ ಕೆಳಗಿನ ಕಂಬಿಗೆ ಅಂಟಿಸಿದ ಚೀಟಿಯ ಮೇಲೆ "ಎಚ್‌ಸಿ" ಎಂಬ ಎರಡಕ್ಷರ ಕಂಡಿತು. ವ್ಯಾಯಾಮದ ಯಂತ್ರಗಳಿಗೆ ಇರುವ ಐಎಸ್‌ಒ 20957 ಎಂಬ ಮಾನದಂಡದಲ್ಲಿ ಎಚ್ ಎಂದರೆ ಮನೆಬಳಕೆಯದು, ಎಸ್ ಎಂದರೆ ಜಿಮ್ಮಿನಂಥ ಜಾಗಗಳಿಗೆ. ಎರಡನೆಯ ಅಕ್ಷರ ನಿಖರತೆಯ ದರ್ಜೆ, ಎ ಎಲ್ಲಕ್ಕಿಂತ ಮೇಲು, ಸಿ ಎಲ್ಲಕ್ಕಿಂತ ಕೆಳಗು. ಮನೆಗೆ ಸೈಕಲ್ ಕೊಳ್ಳುವವರು ಬಣ್ಣ, ಸೀಟು ನೋಡುವ ಮುನ್ನ ಆ ಚೀಟಿಯನ್ನು ಹುಡುಕಿ ಓದುವುದು ಒಳ್ಳೆಯದು.

ಹೊಸ ಸೈಕಲ್ ವ್ಯಾಟ್ ತೋರಿಸುತ್ತದೆ, ಮತ್ತು ಅದು ಬೇರೆಯದೇ ಕುಲ. ವ್ಯಾಟ್ ಎಂದರೆ ಸೆಕೆಂಡಿಗೆ ಇಷ್ಟು ಎಂದು ಪೆಡಲಿಗೆ ನಿಜವಾಗಿ ಹಾಕಿದ ಶಕ್ತಿಯ ಲೆಕ್ಕ. ಅಲ್ಲಿಂದ ದೇಹದ ಖರ್ಚಿಗೆ ಬರಲು ನಡುವೆ ಒಂದೇ ಊಹೆ ಬೇಕಾಗುತ್ತದೆ. ಸ್ನಾಯು ಉರಿಸಿದ ಶಕ್ತಿಯಲ್ಲಿ ಶೇ. 20ರಿಂದ 25ರಷ್ಟು ಮಾತ್ರ ಪೆಡಲನ್ನು ಮುಟ್ಟುತ್ತದೆ, ಉಳಿದದ್ದು ಮೈಯ ಬಿಸಿಯಾಗಿ ಬೆವರಿನ ಜೊತೆ ಹೋಗುತ್ತದೆ, ಮತ್ತು ಈ ಪ್ರಮಾಣ ಒಬ್ಬರಿಂದ ಒಬ್ಬರಿಗೆ ತೀರಾ ಬದಲಾಗುವುದಿಲ್ಲ. 60 ವ್ಯಾಟಿನಲ್ಲಿ ಅರ್ಧ ಗಂಟೆ ತುಳಿದರೆ ಪೆಡಲಿಗೆ ಬಿದ್ದದ್ದು 108 ಕಿಲೋಜೂಲ್, ಎಂದರೆ 26 ಕಿಲೋಕ್ಯಾಲೊರಿ; ದೇಹದ ಖರ್ಚು 103ರಿಂದ 129ರ ನಡುವೆ ಎಲ್ಲೋ ಇರಬೇಕು. ಪರದೆ 126 ತೋರಿಸಿತು. ಮೊದಲ ಸಲ ನನ್ನ ಪುಸ್ತಕದಲ್ಲಿ ಒಂದು ಸಂಖ್ಯೆಯ ಎದುರು ಸರಿ ಗುರುತು ಹಾಕಿದೆ. ಸೀಟಿನ ಮೇಲೆ ಕೂತೇ ತುಳಿಯುವುದರಿಂದ ಮೈತೂಕದ ಪಾತ್ರವೂ ಇಲ್ಲಿ ಕಡಿಮೆ, ತೂಕ ಒತ್ತಲು ಮರೆತರೂ ಅನಾಹುತವಾಗುವುದಿಲ್ಲ.

ಕ್ರಾಸ್ ಟ್ರೇನರ್ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಜಿಮ್ಮಿನಲ್ಲಿ ಎಲ್ಲರಿಗೂ, ಅದರಲ್ಲಿಯೂ ಮಂಡಿನೋವಿನ ನನ್ನಂಥವರಿಗೆ, ಅದು ಪ್ರೀತಿಯ ಯಂತ್ರ. ಪಾದ ಎತ್ತದೆ ಗಾಳಿಯಲ್ಲಿ ನಡೆದಂತೆ ಹಿತವಾಗಿ ಸಾಗುತ್ತದೆ, ಪರದೆಯ ಮೇಲೆ ಕ್ಯಾಲೊರಿ ಆಟೋ ಮೀಟರಿನ ಹಾಗೆ ಓಡುತ್ತದೆ. ನಿಮಿಷಕ್ಕೆ ಹತ್ತು! ಟ್ರೆಡ್‌ಮಿಲ್ಲಿನ ಹೆಚ್ಚುಕಡಿಮೆ ಎರಡು ಪಟ್ಟು. ಎದೆಗೆ ಕಟ್ಟುವ ನಾಡಿಪಟ್ಟಿಯನ್ನು ಸಾಲ ತಂದು ಎರಡೂ ಯಂತ್ರಗಳ ಮೇಲೆ ಒಂದು ವಾರ ನೋಡಿದೆ. ಕೂತಿರುವಾಗ ನನ್ನ ನಾಡಿ 74; ಟ್ರೆಡ್‌ಮಿಲ್ ಮೇಲೆ 112; ಕ್ರಾಸ್ ಟ್ರೇನರ್ ಮೇಲೆ 121. ಕೂತ ನಾಡಿಯಿಂದ ಮೇಲಕ್ಕೆ ಒಂದರಲ್ಲಿ 38, ಇನ್ನೊಂದರಲ್ಲಿ 47. ಹೃದಯ ಕಾಲು ಭಾಗ ಹೆಚ್ಚು ದುಡಿದಿದ್ದರೆ, ಮೀಟರ್ ಅದನ್ನು ದುಪ್ಪಟ್ಟು ಮಾಡಿ ಬರೆದಿದೆ. ನಾಡಿಯೂ ಪಕ್ಕಾ ಅಳತೆಯಲ್ಲ, ಒಪ್ಪುತ್ತೇನೆ, ತೋಳಾಡಿಸಿದಾಗ ಅದು ಕಾಲಿನ ಕೆಲಸಕ್ಕಿಂತ ಬೇಗ ಏರುತ್ತದೆ. ಆದರೆ ಆ ಮಾತು ಯಂತ್ರದ ಪರವಾಗಿ ಬರುವುದಿಲ್ಲ, ವಿರುದ್ಧವಾಗಿಯೇ ಬರುತ್ತದೆ.

ಇದು ನಮ್ಮ ಜಿಮ್ಮಿನ ಒಂದು ಯಂತ್ರದ ಕಥೆ ಮಾತ್ರವಲ್ಲ. ಅಮೆರಿಕದ ಒಂದು ದೂರದರ್ಶನ ಕಾರ್ಯಕ್ರಮಕ್ಕಾಗಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮುಖವಾಡದ ಅಳತೆಯ ಎದುರು ಯಂತ್ರಗಳನ್ನು ಇಟ್ಟು ನೋಡಿದಾಗ, ಸೈಕಲ್ ಶೇ. 7, ಮೆಟ್ಟಿಲು ಹತ್ತುವ ಯಂತ್ರ ಶೇ. 12, ಟ್ರೆಡ್‌ಮಿಲ್ ಶೇ. 13ರಷ್ಟು ಹೆಚ್ಚು ತೋರಿಸಿದರೆ, ಕ್ರಾಸ್ ಟ್ರೇನರ್ ಶೇ. 42ರಷ್ಟು ಹೆಚ್ಚು ತೋರಿಸಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ನಡಿಗೆ ಎಲ್ಲ ಊರಿನಲ್ಲಿಯೂ ನಡಿಗೆಯೇ, ಅದರ ಮೇಲೆ ದಶಕಗಳ ಅಳತೆ ಇದೆ. ಕ್ರಾಸ್ ಟ್ರೇನರಿನ ಚಲನೆಯಾದರೋ ಒಂದೊಂದು ಕಂಪನಿಯದು ಒಂದೊಂದು ಬಗೆ, ಹೆಜ್ಜೆಯ ಉದ್ದ ಬೇರೆ, ಭಾರದ ಚಕ್ರ ಎಲ್ಲಿದೆ ಎಂಬುದು ಬೇರೆ. ಚಕ್ರ ಒಮ್ಮೆ ತಿರುಗಿದ ಮೇಲೆ ಅದೇ ಪಾದವನ್ನು ಎಳೆದುಕೊಂಡು ಹೋಗುತ್ತದೆ. ಹಿಡಿಕೆಯನ್ನು ತಳ್ಳುತ್ತಿದ್ದೀರೋ, ಅಥವಾ ಅದು ಆಡುವಾಗ ಸುಮ್ಮನೆ ಕೈ ಇಟ್ಟಿದ್ದೀರೋ ಎಂಬುದೂ ಮೀಟರಿಗೆ ಕಾಣುವುದಿಲ್ಲ.

ದೋಣಿಯ ಹುಟ್ಟು ಹಾಕುವಂತೆ ಕೂತು ಹಿಡಿ ಎಳೆಯುವ ರೋಯಿಂಗ್ ಮಷಿನ್ ಮೇಲೆ ನಮ್ಮ ಜಿಮ್ಮಿನಲ್ಲಿ ಧೂಳು ಕೂತಿರುತ್ತದೆ, ಆದರೆ ಲೆಕ್ಕದ ಪ್ರಾಮಾಣಿಕತೆಯಲ್ಲಿ ಆ ಜಾತಿಯ ಯಂತ್ರಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ. ಹಿಡಿಯನ್ನು ಎಳೆದು ಬಿಟ್ಟ ಮೇಲೆ ಒಳಗಿನ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ಪ್ರತಿ ಎಳೆತಕ್ಕೂ ನೋಡಿ ಅದು ವ್ಯಾಟನ್ನು ಲೆಕ್ಕ ಹಾಕುತ್ತದೆ. ತನ್ನ ತಕ್ಕಡಿಯನ್ನು ತಾನೇ ಕ್ಷಣಕ್ಷಣಕ್ಕೂ ಸರಿಮಾಡಿಕೊಂಡ ಹಾಗೆ. ಈ ಕ್ಷೇತ್ರದಲ್ಲಿ ಹೆಸರಾದ ಅಮೆರಿಕದ ಕಾನ್ಸೆಪ್ಟ್2 ಸಂಸ್ಥೆ ತನ್ನ ಸೂತ್ರವನ್ನು ಬಚ್ಚಿಡದೆ ಪ್ರಕಟಿಸಿದೆ: ವ್ಯಾಟನ್ನು 4ರಿಂದಲೂ 0.8604ರಿಂದಲೂ ಗುಣಿಸಿ 300 ಸೇರಿಸಿದರೆ ಗಂಟೆಯ ಕ್ಯಾಲೊರಿ. ಆ 300 ಎಂಬುದು 175 ಪೌಂಡ್, ಎಂದರೆ 79 ಕಿಲೋ ತೂಕದವರಿಗೆ ಹಿಡಿದದ್ದು ಎಂದೂ, ನಿಮ್ಮ ತೂಕ ಬೇರೆಯಿದ್ದರೆ 300ರ ಬದಲು ಪೌಂಡಿನಲ್ಲಿರುವ ನಿಮ್ಮ ತೂಕವನ್ನು 1.714ರಿಂದ ಗುಣಿಸಿ ಹಾಕಿಕೊಳ್ಳಿ ಎಂದೂ ಅವರೇ ಹೇಳಿದ್ದಾರೆ. 50 ವ್ಯಾಟಿನಲ್ಲಿ 20 ನಿಮಿಷ ಎಳೆದರೆ ಸೂತ್ರದಂತೆ 157 ಆಗುತ್ತದೆ, ನನ್ನ ತೂಕಕ್ಕೆ ತಿದ್ದಿದರೆ 134. ನನ್ನಂತೆ ಮೆತ್ತಗೆ ಎಳೆಯುವವರಿಗೆ ಆ ಸ್ಥಿರವಾದ 300ರ ಪಾಲೇ ದೊಡ್ಡದು ಎಂಬ ಕೊರತೆ ಇದ್ದೇ ಇದೆ. ಆದರೂ ತಿದ್ದುವ ದಾರಿಯನ್ನು ತಯಾರಕರೇ ಕೈಗೆ ಕೊಟ್ಟಿದ್ದಾರೆ. ಬೇರೆ ಯಾವ ಯಂತ್ರದ ಕೈಪಿಡಿಯಲ್ಲಿಯೂ ಈ ಸೌಜನ್ಯ ನನಗೆ ಕಾಣಲಿಲ್ಲ.

ಕೈಗಡಿಯಾರದ ಕ್ಯಾಲೊರಿ ಯಂತ್ರಕ್ಕಿಂತ ಸರಿಯಾಗಿರಬೇಕಲ್ಲವೇ ಎಂದು ಕೇಳುವವರು ಬಹಳ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿಗಳನ್ನು 60 ಜನರಿಗೆ ಕಟ್ಟಿ ನೋಡಿದಾಗ, ಆರು ಪಟ್ಟಿಗಳ ನಾಡಿಯ ಅಳತೆ ಶೇ. 5ರ ತಪ್ಪಿನೊಳಗೇ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದರ ತಪ್ಪು ಶೇ. 27, ಎಲ್ಲಕ್ಕಿಂತ ಕೆಟ್ಟದ್ದರ ತಪ್ಪು ಶೇ. 93. ಅಲ್ಲಿಂದೀಚೆಗೆ ಗಡಿಯಾರಗಳು ಸುಧಾರಿಸಿರಬಹುದು. ನಾಡಿಯನ್ನು ಅಳೆದು ಕ್ಯಾಲೊರಿಯನ್ನು ಊಹಿಸುವ ವಿಧಾನ ಮಾತ್ರ ಅದೇ ಉಳಿದಿದೆ.

ಇನ್ನು ನನ್ನ 18,876ರ ಗತಿ. ಟ್ರೆಡ್‌ಮಿಲ್ಲಿಗೆ ದಿನಕ್ಕೆ 88, ಕ್ರಾಸ್ ಟ್ರೇನರಿಗೆ ನಾಡಿಯ ಆಧಾರದ ಮೇಲೆ ಉದಾರವಾಗಿಯೇ 72, ಒಟ್ಟು 160. 52 ದಿನಕ್ಕೆ 8,320. ಬರೆದದ್ದರಲ್ಲಿ ಅರ್ಧಕ್ಕೂ ಕಡಿಮೆ. ಅದರ ಪ್ರಕಾರ ಇಳಿಯಬೇಕಾದದ್ದು ಒಂದು ಕಿಲೋ ಚಿಲ್ಲರೆ, ಇಳಿದದ್ದು ಆರುನೂರು ಗ್ರಾಂ. ಉಳಿದ ನಾಲ್ಕುನೂರೈವತ್ತು–ಐನೂರು ಗ್ರಾಮಿಗೆ ಯಂತ್ರವನ್ನು ಬೈಯುವ ಹಾಗಿಲ್ಲ. ಜಿಮ್ಮಿನಿಂದ ಬರುವ ದಾರಿಯಲ್ಲಿ, 363 ಕರಗಿಸಿದ್ದೇನಲ್ಲ ಎಂಬ ಧೈರ್ಯದಲ್ಲಿ, ವಾರಕ್ಕೆರಡು ಸಲ ಹೋಟೆಲಿಗೆ ನುಗ್ಗಿ ತಿಂದ ಪಡ್ಡು–ಕಾಫಿಯ ಲೆಕ್ಕ ನನ್ನ ಪುಸ್ತಕದಲ್ಲಿ ಇರಲಿಲ್ಲ. ಟ್ರೇನರ್ ಹುಡುಗನಿಗೆ ಇದನ್ನು ಒಪ್ಪಿಕೊಂಡಾಗ ಅವನ ಮುಖ ನೋಡಬೇಕಿತ್ತು.

ಹಾಗೆಂದು ಈ ಮೀಟರುಗಳನ್ನು ಟವೆಲ್ ಹಾಕಿ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಒಂದೇ ಯಂತ್ರ, ಒಂದೇ ತೂಕ ಒತ್ತಿ, ಹಿಡಿಕೆ ಬಿಟ್ಟು ನಡೆದರೆ, ಹೋದ ತಿಂಗಳ ನನ್ನನ್ನೂ ಈ ತಿಂಗಳ ನನ್ನನ್ನೂ ಹೋಲಿಸಲು ಟ್ರೆಡ್‌ಮಿಲ್ಲಿನ ಸಂಖ್ಯೆ ಸಾಕು. ಯಾವಾಗಲೂ ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸುವ ತಕ್ಕಡಿಯಲ್ಲಿಯೂ ಹೆಚ್ಚು ಯಾವುದು, ಕಡಿಮೆ ಯಾವುದು ಎಂಬುದು ತಿಳಿಯುತ್ತದೆ. ಒಂದು ಯಂತ್ರದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವುದು ಮಾತ್ರ ಕೂಡದು, ಅದರಲ್ಲಿಯೂ ಕ್ರಾಸ್ ಟ್ರೇನರಿನ ಸಂಖ್ಯೆ ನೋಡಿ ಟ್ರೆಡ್‌ಮಿಲ್ ಬಿಡುವುದಂತೂ ಕೂಡದೇ ಕೂಡದು. ಮೂರು ತಿಂಗಳ ಶುಲ್ಕ ಮತ್ತೆ ಕಟ್ಟಿದ್ದೇನೆ. ಮಾಲೀಕರು ಎರಡೂ ಟ್ರೆಡ್‌ಮಿಲ್ಲಿನ ಹಸಿರು ಗುಂಡಿಯ ಪಕ್ಕ "ಮೊದಲು ನಿಮ್ಮ ತೂಕ ಒತ್ತಿ" ಎಂದು ಕೈಬರಹದ ಚೀಟಿ ಅಂಟಿಸಿದ್ದಾರೆ. ನಾನು ಪುಸ್ತಕದಲ್ಲಿ ಕ್ಯಾಲೊರಿಯ ಕಾಲಮ್ಮಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನಿಮಿಷ, ವೇಗ, ಏರು, ವ್ಯಾಟ್ ಎಂದು ನಾಲ್ಕು ಹೊಸ ಕಾಲಮ್ಮು ಹಾಕಿಕೊಂಡಿದ್ದೇನೆ. ಪಕ್ಕದಲ್ಲಿ ಐದನೆಯದು, ಪಡ್ಡು.